ಎಕೋ ತೆಗೆಸಿದ ಅಕ್ಕನಿಗೆ

ಅಕ್ಕ,

‘ಹಾಡು ಮುಗಿದರೂ ನಾನು ಮುಗಿಯೆನು’ ಎಂದೇನೋ ನಿನ್ನ ಮೊದಲ ಪಾಪ್ ಆಲ್ಬಮ್ಮಿನಲ್ಲೊಂದು ಸಾಲಿತ್ತು, ಮುಂದಿನದು ಮರೆತಿದೆ. ಹಾಡು ಮುಗಿದ ಮೇಲೆ ಉಳಿಯುವುದು ಯಾರು ಎಂದು ಆಗ ಕೇಳಬೇಕೆನಿಸಿರಲಿಲ್ಲ.

ಇವತ್ತು ಪಕ್ಕದ ಮನೆಯಾಕೆ ನನ್ನನ್ನು ನಿನ್ನ ಪ್ರವಚನಕ್ಕೆ ಕರೆದೊಯ್ದರು. ನಾವು ಅಕ್ಕತಂಗಿಯರೆಂದು ಅವರಿಗೆ ಗೊತ್ತಿಲ್ಲ. ಕೊನೆಯ ಸಾಲಿನಲ್ಲಿ ಕೂತು, ನಿನ್ನಲ್ಲಿ ಹಳೆಯ ಗಾಯಕಿ ಎಷ್ಟು ಉಳಿದಿದ್ದಾಳೆಂದು ಹುಡುಕಿದೆ. ಮಾತಿಗೆ ಮುನ್ನ ಮೈಕನ್ನು ಪಕ್ಕಕ್ಕೆ ಸರಿಸಿ ಉಸಿರೆಳೆದುಕೊಳ್ಳುವುದು ಹಾಗೇ ಇದೆ. ಆದರೆ ಸ್ಟುಡಿಯೋದಲ್ಲಿ ‘ಎಕೋ ಇನ್ನೂ ಹಾಕಿ’ ಎಂದು ಎಲ್ಲರ ಪ್ರಾಣ ತಿನ್ನುತ್ತಿದ್ದ ನೀನು ಇಂದು ಸೌಂಡಿನವನಿಗೆ, “ಎಕೋ ತೆಗಿಯಪ್ಪ, ದೇವರಿಗೆ ಕಿವಿ ಚೆನ್ನಾಗೇ ಕೇಳುತ್ತೆ” ಎಂದೆ. ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ನೀನು ನಮ್ಮ ಕಡೆ ತಿರುಗಿದೆ. ನಾನು ಬಗ್ಗಿ ಚಪ್ಪಲಿ ಸರಿಮಾಡಿಕೊಂಡೆ.

ನೀನು ಹಾಡುವುದನ್ನು ಬಿಟ್ಟು ಈ ದಾರಿ ಹಿಡಿದಾಗ ‘ಇದ್ಯಾವ ಹೊಸ ವೇಷ’ ಎಂದು ಕೇಳಿದವಳು ನಾನು. ಆಮೇಲೆ ನಮ್ಮ ನಡುವೆ ಮಾತೇ ಇಲ್ಲ. ಹನ್ನೊಂದು ವರ್ಷದ ಮೇಲೆ ಇವತ್ತು ನೋಡಿದರೆ, ವೇಷ ಇದ್ದದ್ದು ನೀನು ಹಾಡುತ್ತಿದ್ದಾಗಲೇನೋ ಅನಿಸಿತು. ಇದನ್ನು ನಿನಗೆ ಕಳಿಸಲಾರೆ.

ವಾಪಸ್ ಬಂದಾಗ ನಮ್ಮ ಬಾಗಿಲಲ್ಲಿ ನಿಂತು ಪಕ್ಕದ ಮನೆಯಾಕೆ ಹೇಳಿದರು: “ಮುಂದಿನ ವಾರ ಮುಂದೆ ಕೂರೋಣ ಕಣ್ರೀ. ಮುಗಿದ ಮೇಲೆ ಒಬ್ಬೊಬ್ಬರನ್ನೂ ಮಾತಾಡಿಸ್ತಾರೆ. ಪಾಪ, ಅವರಿಗೆ ತಮ್ಮೋರು ಅಂತ ಯಾರೂ ಇಲ್ವಂತೆ.”