ಕೊಳವೆ ಇಲ್ಲದ ಗಾಡಿ

ಯೈಲೋ, ನಾರ್ವೆ
ಫೆಬ್ರುವರಿ ೯

ಪ್ರೀತಿಯ ಅಣ್ಣ ಹಾಲ್ವರ್‌ನಿಗೆ,

ನಿನ್ನ ತಂಗಿ ಆಸ್ಲೌಗ್‌ಳ ಅಕ್ಕರೆಯ ನೆನಪುಗಳು. ಮಂಡಿನೋವು ಹೇಗಿದೆ? ನಾನು ಹೆಣೆದುಕೊಟ್ಟ ಉಣ್ಣೆಪಟ್ಟಿಯನ್ನು ಕಟ್ಟಿಕೊಳ್ಳುತ್ತಿದ್ದೀಯೋ, ಬೆಕ್ಕಿಗೆ ಹಾಸಿದ್ದೀಯೋ? ಮನೆ ಮುಟ್ಟಿದ ಕೂಡಲೇ ದಾರಿಯ ಸುದ್ದಿಯನ್ನೆಲ್ಲ ತಿಳಿಸು ಎಂದು ನೀನು ಅಂದಿದ್ದೆ. ನಾನು ಫೋನಿನಲ್ಲಿ "ಮುಟ್ಟಿದೆವು" ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ತಡವಾದದ್ದನ್ನು ಹೊಟ್ಟೆಗೆ ಹಾಕಿಕೊ. ಫೋನಿನಲ್ಲಾದರೆ ನೀನು ನಡುನಡುವೆ ಬಾಯಿ ಹಾಕುತ್ತೀಯ. ಕಾಗದದ ನಡುವೆ ಬಾಯಿ ಹಾಕಲು ನಿನ್ನಿಂದಲೂ ಆಗದು.

ಮೊಮ್ಮಗಳು ತೀರಿಲ್ ನಿನ್ನಲ್ಲಿಂದ ಬಂದ ದಿನದಿಂದ ಸಪ್ಪಗಿದ್ದಾಳೆ. ಹಾಲು ಕುಡಿಯುವ ಕೂಸನ್ನು ಕಟ್ಟಿಕೊಂಡು, ಅಜ್ಜಿಯಾದ ನನ್ನನ್ನೂ ಹೊರಡಿಸಿಕೊಂಡು, ಗುಡ್ಡ ದಾಟಿ ನಿನ್ನ ಮನೆಗೆ ಬಂದದ್ದು ಒಂದೇ ಮಾತು ಕೇಳಲು. ಈ ತಿಂಗಳ ಕೊನೆಯ ಭಾನುವಾರ ಮಗುವಿನ ದೀಕ್ಷಾಸ್ನಾನ, ಚರ್ಚಿನಲ್ಲಿ ಅವನನ್ನು ಎತ್ತಿಕೊಂಡು ನಿಲ್ಲುವ ಕೈ ನಿನ್ನದೇ ಆಗಬೇಕು ಎಂದು. ನೀನು ಮಾಡಿದ್ದೇನು? ಅಂಗಳಕ್ಕೆ ಬಂದು ಅವಳ ಕರೆಂಟು ಗಾಡಿಗೆ ಒಂದು ಸುತ್ತು ಹಾಕಿದೆ, ಟೈರಿಗೆ ಒದ್ದೆ, ಆಮೇಲೆ ಶುರುಮಾಡಿದೆ.

"ಚಳಿ ಬಿದ್ರೆ ಅರ್ಧ ದಾರಿಗೇ ಉಸಿರು ಬಿಡುತ್ತೆ ಇದು. ಎಲ್ಲೋ ಯಾರದೋ ನೆಲ ಬಗೆದು ಬ್ಯಾಟರಿ ಮಾಡ್ತಾರೆ, ಹಿಮಸಾರಂಗ ಮೇಯೋ ಜಾಗದಲ್ಲಿ ಗಾಳಿಯಂತ್ರ ನೆಡ್ತಾರೆ, ಆಮೇಲೆ ಶುದ್ಧ ಅಂತ ಬೀಗ್ತಾರೆ! ಸದ್ದೇ ಮಾಡದ ಯಂತ್ರಾನ ನಂಬೋದು ಹ್ಯಾಗೆ?"

"ಪೂರ್ತಿ ಶುದ್ಧ ಅಂತ ನಾನ್ಯಾವಾಗ ಹೇಳ್ದೆ ದೊಡ್ಡಜ್ಜ? ಹಳೇದಕ್ಕಿಂತ ವಾಸಿ ಅಂದೆ, ಅಷ್ಟೆ. ಇದು ಬೇಡ ಅಂದ್ರೆ ಬೇರೆ ಗಾಡಿ ತರ್ತೀನಿ."

"ಯಾವ್ದೂ ಬೇಡ. ಬೇಸಿಗೇಲಿ ಬರ್ತೀನಿ, ಹೋಗು."

ಬೇಸಿಗೆಗೆ ಅವಳ ಗಂಡ ಹಡಗಿನ ಮೇಲಿರುತ್ತಾನೆ, ಅದು ನಿನಗೂ ಗೊತ್ತು. ಆದರೆ ನೀನು ಹಿಡಿದ ಮೊಲಕ್ಕೆ ಮೂರೇ ಕಾಲು. ಆಯುಷ್ಯವೆಲ್ಲ ಜನರನ್ನು ನೀರು ದಾಟಿಸುವ ಫೆರಿಯ ಇಂಜಿನ್ ಕೋಣೆಯಲ್ಲಿ ಕಳೆದವನಿಗೆ ಡೀಸೆಲ್ ವಾಸನೆಯೇ ತಾಯಿಮನೆ. ಆ ಫೆರಿಯೇ ಈಗ ಬ್ಯಾಟರಿಯಲ್ಲಿ ಓಡುತ್ತಿದೆ ಎಂದು ತೀರಿಲ್ ಬಾಯಿಬಿಡದೆ ಇದ್ದದ್ದು ನಿನ್ನ ಪುಣ್ಯ.

ನಿನ್ನ ಮಾತು ಪೂರ್ತಿ ಸುಳ್ಳೆಂದು ನಾನೂ ಹೇಳಲಾರೆ. ನಿನ್ನಲ್ಲಿಗೆ ಬರುವಾಗ ಚಾರ್ಜು ಹಾಕಲು ಸಾಲಿನಲ್ಲಿ ಕಾದು ಕಾದು ನನ್ನ ಬುತ್ತಿಯ ರೊಟ್ಟಿಯೂ ಕಂದು ಚೀಸೂ ಖಾಲಿಯಾದವು. ಚಳಿ ಏರಿದಂತೆ ಮುಂದಿನ ಪರದೆಯ ಮೇಲೆ ಚಾರ್ಜಿನ ಅಂಕಿ ಇಳಿಯುವುದನ್ನು ನಾನೂ ಕಣ್ಣಾರೆ ಕಂಡೆ. ಬ್ಯಾಟರಿಗಾಗಿ ಯಾರ ನೆಲ ಬಗೆಯುತ್ತಾರೋ, ಅವರ ಮುಖ ನಾವು ನೋಡಿಲ್ಲ.

ಈಗ ವಾಪಸು ದಾರಿಯ ಕಥೆ ಕೇಳು. ನಿನ್ನ ಮನೆಯಿಂದ ಹೊರಟು ಗುಡ್ಡದ ರಸ್ತೆಗೆ ಅಡ್ಡ ಹಾಕುವ ಗೇಟಿಗೆ ಬರುವಷ್ಟರಲ್ಲಿ ಬಿರುಗಾಳಿ ಎದ್ದಿತ್ತು. ಬಿಡಿಗಾಡಿ ಬಿಡುತ್ತಿರಲಿಲ್ಲ, ಹಿಮ ಸರಿಸುವ ಲಾರಿಯ ಹಿಂದೆ ಸಾಲಾಗಿ ಹೋಗಬೇಕು. ಲಾರಿಯವನು ಒಂದೊಂದೇ ಗಾಡಿಯ ಕಿಟಕಿ ತಟ್ಟುತ್ತ ಬಂದ.

"ಚಾರ್ಜು?"

"ಅರ್ಧಕ್ಕಿಂತ ಮೇಲಿದೆ."

"ಸಲಿಕೆ? ಕಂಬಳಿ? ಕುಡಿಯೋಕೆ ಬಿಸಿ?"

"ಎಲ್ಲ ಇದೆ. ಕಾಫಿ ದೊಡ್ಡಜ್ಜ ತುಂಬಿಕೊಟ್ಟಿದ್ದಾರೆ."

ನಮ್ಮ ಹಿಂದೆ ಆರ್ನ್‌ವಿಡ್ ಎಂಬ ಬಡಗಿಯ ದೊಡ್ಡ ಡೀಸೆಲ್ ಗಾಡಿ. ಅವನು ಇಳಿದು ಬಂದು ನಮ್ಮ ಗಾಡಿಯ ತಲೆ ಸವರಿದ. "ಆಟದ ಸಾಮಾನು ತಂದಿದ್ದೀಯೇನಮ್ಮ? ನಿಂತ್ರೆ ಹೆದರ್ಬೇಡ, ಹಗ್ಗ ಕಟ್ಟಿ ಎಳೀತೀನಿ." ಥೇಟ್ ನಿನ್ನ ದನಿ.

ಅರ್ಧ ದಾರಿಯಲ್ಲಿ ಮುಂದಿದ್ದ ಸರಕಿನ ಲಾರಿಯೊಂದು ಜಾರಿ ರಸ್ತೆಗೆ ಅಡ್ಡ ನಿಂತಿತು. ಸಾಲೆಲ್ಲ ನಿಂತಿತು. ಮಧ್ಯಾಹ್ನವೇ ಕಿಟಕಿಯ ಹೊರಗೆ ಬರೀ ಬಿಳಿ. ಮುಂದಿನ ಗಾಡಿಯ ಕೆಂಪು ದೀಪವೂ ಕಾಣದು. ಕೂಸು ನನ್ನ ಪಕ್ಕದಲ್ಲಿ ಬಾಯಿ ತೆರೆದು ಮಲಗಿತ್ತು. ನನಗೇನಾಯಿತೋ, ಕೂಗಿಬಿಟ್ಟೆ.

"ತೀರಿಲ್, ಇಳಿ! ಹಿಂದೆ ಹೋಗಿ ಹೊಗೆ ಕೊಳವೆ ಬಿಡಿಸು! ಹಿಮ ಮುಚ್ಚುತ್ತೆ!"

"ಯಾವ ಕೊಳವೆ ಅಜ್ಜಿ?"

ಅವಳ ಮಾತು ನನ್ನ ಕಿವಿಗೆ ಹೋಗಲಿಲ್ಲ. ನಾನೇ ಸಲಿಕೆ ಎಳೆದುಕೊಂಡು ಇಳಿದೆ. ಸೊಂಟದವರೆಗೆ ಹಿಮದಲ್ಲಿ ಹೂತುಕೊಂಡು ಗಾಡಿಯ ಹಿಂಬದಿಯನ್ನು ಬಗೆದೆ, ಬಗೆದೆ, ಏನೂ ಸಿಗಲಿಲ್ಲ. ಆರ್ನ್‌ವಿಡ್ ತನ್ನ ಗಾಡಿಯ ಕೊಳವೆ ಬಿಡಿಸುತ್ತ ಅಲ್ಲೇ ಇದ್ದ. "ಅಜ್ಜೀ, ಏನ್ ಹುಡುಕ್ತಿದ್ದೀರಾ? ನಿಧಿ ಹೂತಿಟ್ಟಿದ್ರಾ?" ಎಂದು ಗಾಳಿಯ ಮೇಲೆ ಕೂಗಿ ನಕ್ಕ. ತೀರಿಲ್ ಬಂದು ನನ್ನನ್ನು ಒಳಗೆಳೆದುಕೊಂಡಳು. ಅವಳಿಗೂ ನಗು ತಡೆಯಲಾಗಲಿಲ್ಲ. ಇಡೀ ಗುಡ್ಡಕ್ಕೆ ನಾನೇ ತಮಾಷೆಯಾದೆ.

ಆದರೆ ಅಣ್ಣ, ಮುಂದೆ ನೋಡಿದ್ದನ್ನು ಹೇಳಲೇಬೇಕು. ನಮ್ಮ ಗಾಡಿ ಸದ್ದಿಲ್ಲದೆ ಬೆಚ್ಚಗಿತ್ತು. ತೀರಿಲ್ ಬಿಸಿಯನ್ನು ಹದವಾಗಿ ಇಟ್ಟಳು, ನನ್ನ ಒದ್ದೆ ಬೂಟು ಬಿಚ್ಚಿಸಿದಳು, ಮಗುವಿಗೆ ಹಾಲು ಕೊಟ್ಟಳು. ಚಾರ್ಜು ಎಷ್ಟು ಉಳಿದೀತೆಂದು ಲೆಕ್ಕ ಹಾಕಿ ಹೇಳಿದಳು. ಆ ಬಡಪಾಯಿ ಆರ್ನ್‌ವಿಡ್ ಮಾತ್ರ ಮತ್ತೆ ಮತ್ತೆ ಇಳಿದು ಕೊಳವೆ ಬಿಡಿಸಿ ಒದ್ದೆಮುದ್ದೆಯಾದ. ಕೊನೆಗೆ ತೀರಿಲ್ ಕಿಟಕಿ ಇಳಿಸಿದಳು.

"ಇಂಜಿನ್ ಆರಿಸಿ ಬನ್ನಿ ಒಳಗೆ. ಆಟದ ಸಾಮಾನಲ್ಲಿ ಒಂದು ಸೀಟು ಖಾಲಿ ಇದೆ."

ಬಂದ. ಮಗುವಿನ ಕಾಲ ಬಳಿ ಮುದುರಿ ಕೂತ. ನಿನ್ನ ಕಾಫಿ ಒಂದು ಗುಟುಕು ಕುಡಿದು, "ಇದ್ಯಾರು ಮಾಡಿದ್ದು? ಡಾಂಬರು!" ಎಂದ. ಹಾಗೆಂದರೂ ಲೋಟ ಖಾಲಿ ಮಾಡಿದ. ಕತ್ತಲಾಗುವಾಗ ದಾರಿ ಬಿಟ್ಟಿತು. ಇಳಿಯುವ ಮುನ್ನ ತೀರಿಲ್‌ಳಿಗೆ, "ನಿನ್ನ ನೋಡಿ ನಗಾಡಿದ್ದು ತಪ್ಪಾಯ್ತಮ್ಮ" ಅಂದ. ಆ ಹುಡುಗಿಯ ಬಗ್ಗೆ ನನಗಾದ ಹೆಮ್ಮೆಯನ್ನು ಹೇಗೆ ಬರೆಯಲಿ! ಗಾಡಿಯ ಬಗ್ಗೆಯೂ, ಒಪ್ಪಿಕೊಳ್ಳುತ್ತೇನೆ. ಮನೆ ಮುಟ್ಟಿದಾಗ ಇನ್ನೂ ಚಾರ್ಜು ಉಳಿದಿತ್ತು.

ದೀಕ್ಷಾಸ್ನಾನದ ಭಾನುವಾರಕ್ಕೆ ಎರಡು ದಿನ ಮುಂಚೆ ಅವಳು ನಿನ್ನ ಬಾಗಿಲಿಗೆ ಬರುತ್ತಾಳೆ. ಬೈದು ಕಳಿಸಬೇಡ. ಕರಿ ಕೋಟು ಒಗೆಸಿ ಇಡು. ದೇವರು ನಿನ್ನ ಮಂಡಿಗೂ ಮನಸ್ಸಿಗೂ ಬಲ ಕೊಡಲಿ. ಆ ಕೂಸಿನ ತಲೆಯ ಮೇಲೆ ನಿನ್ನ ದೊಡ್ಡ ಕೈ ಇರಲಿ.

ನಿನ್ನ ತಂಗಿ,
ಆಸ್ಲೌಗ್

ತಾ.ಕ.: ಅಣ್ಣ, ನೀನು ಬ್ಯಾಟರಿಗೆ ಹೆದರುತ್ತೀಯ ಎಂದೇ ತೀರಿಲ್ ತಿಳಿದಿದ್ದಾಳೆ. ನಾನೂ ನಂಬಿದಂತೆ ಸುಮ್ಮನಿದ್ದೆ. ನಿನ್ನ ಮಗ ಸ್ಟೀನಾರ್ ಹೋದಾಗ ಅವಳಿನ್ನೂ ಎಳೆ ಕೂಸು. ಗುಡ್ಡದಲ್ಲಿ ಅಪಘಾತವಾಯಿತು ಎಂದಷ್ಟೇ ಅವಳಿಗೆ ಗೊತ್ತು. ಹಿಮದಲ್ಲಿ ಸಿಕ್ಕಿಬಿದ್ದವನು ಬೆಚ್ಚಗಿರಲೆಂದು ಇಂಜಿನ್ ಓಡಿಸುತ್ತಲೇ ಕೂತಿದ್ದು, ಹಿಂದೆ ಕೊಳವೆ ಮುಚ್ಚಿದ್ದು, ಹೊಗೆ ಒಳಗೆ ತುಂಬಿ ನಿದ್ದೆಯಲ್ಲೇ ಉಸಿರು ಕಟ್ಟಿದ್ದು ಯಾವುದೂ ಅವಳಿಗೆ ತಿಳಿಯದು. ಬಾಗಿಲು ತೆಗೆದವರು ಇಂಜಿನ್ ಇನ್ನೂ ಓಡುತ್ತಿತ್ತು ಅಂದರು. ಆ ವಾರವೇ ಅದನ್ನು ಬಿಚ್ಚಿ ಜೋಡಿಸಿದ್ದವನು ನೀನು. "ನಾನು ಅಷ್ಟು ಚೆನ್ನಾಗಿ ಮಾಡ್ದೆ ಇದ್ದಿದ್ರೆ ಅದು ಕೆಟ್ಟು ನಿಲ್ತಿತ್ತು ಕಣೇ. ಹುಡುಗ ಚಳಿಗೆ ಎಚ್ಚರ ಆಗಿರ್ತಿದ್ದ" ಎಂದು ಮಣ್ಣು ಮಾಡಿ ಬಂದ ದಿನ ನೀನು ನನಗೆ ಹೇಳಿದೆ. ಆಮೇಲೆ ಆ ಮಾತು ಎತ್ತಲಿಲ್ಲ. ಚಳಿಗಾಲದಲ್ಲಿ ಯಾರ ಗಾಡಿಯನ್ನೂ ಹತ್ತಲಿಲ್ಲ.

ಗುಡ್ಡದ ಮೇಲೆ ನಾನು ಏನು ಬಗೆಯುತ್ತಿದ್ದೆ ಎಂಬುದು ನಿನಗೊಬ್ಬನಿಗೇ ಅರ್ಥವಾದೀತು. ಮಾರನೆಯ ಬೆಳಿಗ್ಗೆ ಬಿಸಿಲು ಬಂದಾಗ ಅಂಗಳಕ್ಕಿಳಿದು, ಗಾಡಿಯ ಹಿಂದೆ ಮಂಡಿಯೂರಿ, ಕೈಗವಸು ಬಿಚ್ಚಿ, ಅಡಿಯಲ್ಲೆಲ್ಲ ತಡವಿ ನೋಡಿದೆ. ಕೊಳವೆ ಇಲ್ಲ ಅಣ್ಣ. ಎಲ್ಲೂ ಇಲ್ಲ.