ಮೂರು ತಾಟು

ರೀ,

ಶರಣ್ಯನ್ನ ಕರ್ಕೊಂಡು ಆದೋನಿಗೆ, ಟ್ರಸ್ಟ್‌ನವರು ನಡಸೋ ಗುಂಪಿಗೆ ಹೊಂಟೀನಿ. ಆಕಿಯಂಗ ಊಟ ಅಂದ್ರ ಅಂಜೋ ಹುಡುಗ್ರೆಲ್ಲ ಬರ್ತಾರ.

ರೊಟ್ಟಿ ಡಬ್ಬಿಯೊಳಗ ಅದಾವ. ನಾವು ಬಂದ ಮ್ಯಾಲೆ ಪುಂಡಿಪಲ್ಯ ಬಿಸಿ ಮಾಡ್ರಿ. ಮಗಳ ತಾಟು ನೋಡಕೋತ ಕೂಡಬ್ಯಾಡ್ರಿ, 'ಇನ್ನೊಂದು ತಿನ್ನು' ಅನ್ನಬ್ಯಾಡ್ರಿ. ಎಷ್ಟು ಸಲ ಹೇಳ್ಬೇಕು ನಿಮಗ.

ಹೋದ ವಾರ ಅಲ್ಲಿ ಹುಡುಗ್ರ ಕೂಡ ಮಾತಾಡೋ ಮೇಡಂ ಆಕಿನ್ನ, 'ನಿಮ್ಮಮ್ಮ ಉಣ್ಣೋದನ್ನ ಎಂದಾರ ನೋಡೀಯೇನು?' ಅಂತ ಕೇಳಿದ್ರು. ಆಕಿ 'ಇಲ್ಲ' ಅಂದ್ಲು. ಎಲ್ಲಾರದೂ ಮುಗಿದ ಮ್ಯಾಲೆ ಅಡಿಗಿಮನಿಯೊಳಗ ಒಬ್ಬಾಕಿನ ಉಣ್ಣಾಕಿ ನಾನು, ಹೆಂಗ ನೋಡ್ಯಾಳು. ನೀವರ ಇಪ್ಪತ್ತೆರಡು ವರ್ಷದಾಗ ಒಮ್ಮೆ ನೋಡೀರೇನು? ಅದನ್ನ ತಿಳ್ಕೊಳ್ಳೋ ಆಸೆ ನನಗ.

ಇವತ್ತು ಮೂರು ತಾಟು ಹಾಕ್ರಿ. ನೀಡೋರು ನೀವು. ಮೊದಲ ನನಗ ನೀಡ್ರಿ, ಆಕಿ ನೋಡ್ಲಿ.

— ಹೇಮಾವತಿ