ಇಬ್ರಾದ ದೋಣಿ

ಅಲ್ ಖುವೈರ್, ೧೨-೨-೧೯೮೯

ಅಣ್ಣನಿಗೆ ಗುರುವನ ನಮಸ್ಕಾರ.

ಫೋಟೊ ನೋಡಿ ದುಡ್ಡು ಕಳಿಸಿದ್ದೆವಲ್ಲ, ಆ ದೋಣಿಯನ್ನು ನಿನ್ನೆ ಇಬ್ರಾಕ್ಕೆ ಹೋಗಿ ನೋಡಿದೆ. ಅಲ್ಲಿ ಸಮುದ್ರವೇ ಇಲ್ಲ, ಸುತ್ತ ಬರೇ ಕಲ್ಲುಗುಡ್ಡ. ದೋಣಿ ಖರ್ಜೂರದ ತೋಟದಲ್ಲಿದೆ. ಅದರ ತುಂಬ ಹುಲ್ಲು, ಹುಲ್ಲಿನ ಮೇಲೆ ಆಗ ತಾನೇ ಮರಿ ಹಾಕಿದ ಆಡು. ತಳದಲ್ಲಿ ಕೈ ತೂರುವಷ್ಟು ಬಿರುಕು. ಫೋಟೊದಲ್ಲಿ ನಾವು ಕಡಲೆಂದುಕೊಂಡದ್ದು ಮಳೆಗೆ ತೋಟಕ್ಕೆ ನುಗ್ಗಿದ ಹಳ್ಳದ ನೀರಂತೆ. ಮಾರಿದ ಅರಬಿ ಮುದುಕ, "ಪೈಸಾ ಖಲಾಸ್. ದೋಣಿ ನಿನ್ನದು, ಯಲ್ಲಾ, ಲೇಜಾವ್", ಹೊತ್ತುಕೊಂಡು ಹೋಗು ಎಂದು ಆಡನ್ನು ಇಳಿಸಿಕೊಂಡ.

ನನಗೆ ಜ್ವರ ಬಿಟ್ಟಿದೆ, ಊಟ ಮಾತ್ರ ಸೇರುತ್ತಿಲ್ಲ.

ಆ ದೋಣಿ ಬರುತ್ತದೆಂದು ನಮ್ಮ ಹಳೆಯ ದೋಣಿಯನ್ನು ಒಡೆಯಬೇಡ. ಈ ಕಾರ್ಡು ಮುಟ್ಟುವ ಮೊದಲೇ ಒಡೆದಿದ್ದರೆ, ಹಲಗೆಗಳನ್ನಾದರೂ ಒಲೆಗೆ ಹಾಕದಂತೆ ಅತ್ತಿಗೆಗೆ ಹೇಳು.

ಗುರುವ